ನಾಲಿಗೆಯ ಅಡಿ

ಫೆಬ್ರವರಿ 3, ಭಾನುವಾರ

ಇವತ್ತು ಆಸ್ಪತ್ರೆಯಲ್ಲಿ ಇಪ್ಪತ್ತಾರು ಬಾಯಿ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಕೈಗವಸಿನೊಳಗೆ ಬೆರಳು ಬೆಂದುಹೋಗಿದ್ದವು. ಎಂಟು ಸಾದಾ ಹುಣ್ಣು. ನಾಲ್ಕು ಅಗ್ರ, ಬಾಯೊಳಗಿನ ಬಿಳಿ ಬೂಷ್ಟು, ಅದರಲ್ಲಿ ಎರಡು ದಮ್ಮಿನ ಪಂಪು ಹೊಡೆದುಕೊಂಡು ಬಾಯಿ ತೊಳೆಯದವರದ್ದು. ಕಾಲೇಜು ಹುಡುಗಿಯೊಬ್ಬಳ ನಾಲಿಗೆ ಮೇಲೆ ನಕ್ಷೆ ಬಿದ್ದಿದೆ. ಅದೇನೂ ಕಾಯಿಲೆಯಲ್ಲ, ನಿಂಬೆ, ಖಾರ ಕಡಿಮೆ ಮಾಡು ಸಾಕು ಎಂದೆ. ಮುಖ ಸಣ್ಣದಾಯಿತು. ದೊಡ್ಡ ಹೆಸರಿನ ಕಾಯಿಲೆ ಹೇಳಿದ್ದರೆ ಸಂತೋಷಪಡುತ್ತಿದ್ದಳು.

ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಮತ್ತೆ ಬಂದಿದ್ದ. ಕೆಳದುಟಿಯ ಒಳಗೆ, ತುಂಬಾಕ್, ಅದೇ ಹದ ಮಾಡಿದ ಹೊಗೆಸೊಪ್ಪಿನ ಉಂಡೆ, ಇಡುವ ಜಾಗದಲ್ಲಿ, ಬಿಳಿ ಸುಕ್ಕು.

"ಬಿಟ್ಯಾ?"

"ಹೆಂಡ್ತೀನ ಬೇಕಾದ್ರೆ ಬಿಡ್ತೀನಿ ಡಾಕ್ಟ್ರೇ."

"ಅವಳನ್ನೂ ಒಂದು ಮಾತು ಕೇಳು. ಖುಷಿಪಡಬಹುದು."

ಇನ್‌ಸಾಫ್ ನಕ್ಕಳು. ನಗಲಿ ಎಂದು ನರ್ಸ್ ಕೆಲಸಕ್ಕೆ ಇಟ್ಟುಕೊಂಡಿಲ್ಲ. ಇವತ್ತೂ ಹಳ್ಳಿಯ ಮುದುಕಿಯೊಬ್ಬಳನ್ನು ಬರೀ ತುಟಿ ನೋಡಿ ಕಳಿಸುವುದರಲ್ಲಿದ್ದಳು. ಎಲ್ಲರೆದುರು ಬೈದೆ. ನೂರು ಸಲ ಹೇಳಿದ್ದೇನೆ — ಗಂಡಸರು ಕೆಳದುಟಿಯೊಳಗೆ ಇಡುತ್ತಾರೆ, ಹೆಂಗಸರು ನಾಲಿಗೆ ಅಡಿ. ಉಬ್ಬು ಯಾರಿಗೂ ಕಾಣಬಾರದು, ಉಗುಳುವುದೂ ಕಾಣಬಾರದು, ರಸ ನುಂಗಿಬಿಡಬೇಕು. ಹೆಂಗಸು ಎಂದರೆ ಮೊದಲು ನಾಲಿಗೆ ಎತ್ತಿಸು. ಆಮೇಲೆ ಮಿಕ್ಕಿದ್ದು.

ಸಂಜೆ ಅಮ್ಮನ ಬಾಯಿ ನೋಡಿದೆ. ತಿಂಗಳ ಮೊದಲ ಭಾನುವಾರ ತಪ್ಪಿಸುವುದಿಲ್ಲ. ಅವಳಿಗೆ ಯಾವ ಮುಚ್ಚುಮರೆಯೂ ಇಲ್ಲ, ಗಂಡಸರ ಹಾಗೆ ತುಟಿಯೊಳಗೇ ಇಡುತ್ತಾಳೆ, ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕಾಯಿಸುತ್ತಲೇ ಉಗುಳುತ್ತಾಳೆ. ಬಿಳಿ ಮಚ್ಚೆ ಹೋದ ತಿಂಗಳಷ್ಟೇ ಇದೆ. "ನನ್ನ ಬಾಯಿ ಕಾಯೋದು ಬಿಟ್ಟು ಮದ್ವೆ ಮಾಡ್ಕೋ" ಅಂದಳು. ನಲವತ್ತೊಂದಕ್ಕೆ!

ಫೆಬ್ರವರಿ 5, ಮಂಗಳವಾರ

ಬಂದಳು. ತಾನಾಗಿ ನನ್ನ ಕುರ್ಚಿಗೆ ಬಂದಳು.

ಹನ್ನೊಂದನೇ ನಂಬರು. ಇನ್‌ಸಾಫ್ ಹೆಸರು ಕರೆದಾಗ ನಂಬಲಿಲ್ಲ. ಸಿತ್ ಬುಸೈನಾ, ಟೀಚರಮ್ಮನಿಗೆ ನಮ್ಮಲ್ಲಿ ಸಿತ್ ಎನ್ನುತ್ತೇವೆ. ಹಿಂದೆ ನಮ್ಮ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್. ಅರುವತ್ತೆಂಟು ವಯಸ್ಸು. ತಲೆಯಿಂದ ಕಾಲವರೆಗೆ ಸುತ್ತುವ ಬಿಳಿ ತೋಬ್, ಇಸ್ತ್ರಿ ಗೆರೆ ಹಾಗೇ ಇದೆ. ಲವಂಗದ ವಾಸನೆಯೂ ಹಾಗೇ. ನನ್ನನ್ನು ಗುರುತು ಹಿಡಿದಳು. ಹಿಡಿಯದವಳ ಹಾಗೆ ಕೂತಳು.

"ಊಟ ಮಾಡ್ವಾಗ ಉರಿ. ಹಲ್ಲಿನ ಸೆಟ್ಟು ಒತ್ತುತ್ತೆ ಅಂತ ಕಾಣುತ್ತೆ."

"ತುಂಬಾಕ್ ಹಾಕ್ತೀರಾ?"

"ಬಾಯಿಗೆ ಬಂದಂಗೆ ಕೇಳ್ಬೇಡಮ್ಮ. ನಾನ್ಯಾರು ಗೊತ್ತಾ?"

ಗೊತ್ತು. ಚೆನ್ನಾಗಿ ಗೊತ್ತು.

ಆಗ ನನಗೆ ಹನ್ನೊಂದು. ಶನಿವಾರ ಬೆಳಗಿನ ಪ್ರಾರ್ಥನೆ ಹೊತ್ತು, ಜಿಲ್ಲಾ ಇನ್‌ಸ್ಪೆಕ್ಟರ್ ಬಂದಿದ್ದ. ಸಾಲಿನಲ್ಲಿ ನನ್ನ ಬ್ಯಾಗು ಜಾರಿ ಬಿತ್ತು, ತುಂಬಾಕ್ ಪೊಟ್ಟಣ ಹೊರಗೆ ಉರುಳಿ ಒಡೆಯಿತು. ನನ್ನದಲ್ಲ ಎಂದು ಅತ್ತೆ. ಅಮ್ಮನಿಗೆ ಹೇಳಿಕಳಿಸಿದರು. ಚಹಾದ ಮಸಿ ಕೈಯಲ್ಲೇ ಓಡಿಬಂದಳು. ನಂದೇ ಅಂದಳು. ಈ ಬುಸೈನಾ ನಾನೂರು ಹುಡುಗಿಯರೆದುರು ನನ್ನಮ್ಮನ ಕೆಳದುಟಿ ಹಿಡಿದು ಜಗ್ಗಿದಳು — "ನೋಡಿ, ಹೊಲಸು ಬಾಯಿ ಅಂದ್ರೆ ಹೀಗಿರುತ್ತೆ." ನಾನೂರು ಜನ ನೋಡಿದರು. ಅದೇ ಹೆಂಗಸಿನ ಕೋಣೆಗೆ ಪ್ರತಿ ಶನಿವಾರ ಅಮ್ಮ ಕಾಫಿಗೆಂದು ಕೊಟ್ಟ ಶುಂಠಿ ಪುಡಿ ಹೊತ್ತುಕೊಂಡು ಹೋಗುತ್ತಿದ್ದವಳು ನಾನು. ಆವತ್ತಿನಿಂದ ಹೋಗಲಿಲ್ಲ.

ಇವತ್ತು ಕೈಗವಸು ಹಾಕಿಕೊಂಡೆ. ಹೆಬ್ಬೆರಳು, ತೋರುಬೆರಳು. ಕೆಳದುಟಿ ಹಿಡಿದು ಜಗ್ಗಿದೆ. ಬೇಕಾಗಿದ್ದಕ್ಕಿಂತ ಜೋರಾಗಿ. ಕಣ್ಣಲ್ಲಿ ನೀರು ಬಂತು ಅವಳಿಗೆ. ಲೈಟು ಹತ್ತಿರ ತಂದೆ. ಬಿಳಿ ಇರಲಿ, ಸುಕ್ಕು ಇರಲಿ ಎಂದು ಬೇಡಿಕೊಂಡೆ. ಏನೂ ಇಲ್ಲ. ತಿಳಿಗುಲಾಬಿ, ನುಣುಪು, ಮಗುವಿನ ತುಟಿಯಷ್ಟು ಚೊಕ್ಕ. ಸಿಟ್ಟು ಬಂತು.

ನೇರಳೆ ಔಷಧಿ ಬರೆದೆ. ಹಲ್ಲಿನ ಸೆಟ್ಟು ರಾತ್ರಿ ತೆಗೆದಿಡಿ ಅಂದೆ. ಕಾರ್ಡು ತುಂಬಿದೆ — ತುಂಬಾಕ್: ಇಲ್ಲ. ತುಟಿ: ಸರಿ. ಕೆನ್ನೆ: ಸರಿ. ನಾಲಿಗೆ: ಸರಿ. ನಾಲಿಗೆ ಅಡಿ: ಸರಿ. ಎರಡು ನಿಮಿಷ. ಮುಂದಿನವರನ್ನು ಕರಿ ಅಂದೆ.

ಫೆಬ್ರವರಿ 6, ಬುಧವಾರ

ಅಮ್ಮನಿಗೆ ಹೇಳಿದೆ, ಬುಸೈನಾಳ ತುಟಿ ಜಗ್ಗಿದೆ ಎಂದು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಬೀನ್ಸಿಗೆ ಎಳ್ಳೆಣ್ಣೆ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

"ಉರಿ ಎಲ್ಲಿ ಅಂದ್ಲು?"

"ಎಲ್ಲೋ. ನನಗೇನು."

"ಡಾಕ್ಟ್ರು ನೀನಾ ನಾನಾ?" ಅಂದಳು. ಎದ್ದು ಹೋದಳು.

ಫೆಬ್ರವರಿ 26, ಮಂಗಳವಾರ

ಮತ್ತೆ ಬಂದಿದ್ದಳು. ಸೊರಗಿದ್ದಾಳೆ. ಔಷಧಿಯಿಂದ ಹಲ್ಲೆಲ್ಲ ನೇರಳೆ ಆಗಿದೆ, ಬಿಳಿ ತೋಬಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದೇ ಮಾತಾಡಿದಳು. ಕಿವಿಗೂ ನೋವು ಹೊಡೆಯುತ್ತದಂತೆ. ಕಿವಿ ಅಂದಕೂಡಲೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಬಾಯಿ ಹುಣ್ಣಿಗೆ ಕಿವಿ ನೋಯಬಾರದು.

ಗಾಜ್ ಬಟ್ಟೆಯಲ್ಲಿ ನಾಲಿಗೆ ತುದಿ ಹಿಡಿದು ಮೇಲೆತ್ತಿದೆ.

ಎಡಗಡೆ, ನಾಲಿಗೆ ಅಡಿ, ಬಾಯಿಯ ತಳದಲ್ಲಿ. ಕೆಂಪು, ನಡುನಡುವೆ ಬಿಳಿ. ಮಧ್ಯೆ ಹಳ್ಳ. ಅಂಚು ಮುಟ್ಟಿದರೆ ಗಟ್ಟಿ, ಒಣಗಿದ ರೊಟ್ಟಿಯ ಅಂಚಿನ ಹಾಗೆ. ಕೆಟ್ಟ ಜಾಗವನ್ನಷ್ಟೇ ಹಿಡಿಯುವ ನೀಲಿ ಬಣ್ಣ ಸವರಿ ತೊಳೆದೆ. ಸುತ್ತಲಿನದೆಲ್ಲ ತೊಳೆದುಹೋಯಿತು. ಅಲ್ಲಿ ಮಾತ್ರ ನೀಲಿ ನಿಂತಿತು. ಇನ್ನೊಮ್ಮೆ ತೊಳೆದೆ. ಹೋಗಲಿಲ್ಲ.

ಫೆಬ್ರವರಿ ಐದಕ್ಕೆ ಇದಿತ್ತೇ? ನೋಡಿರಬೇಕು ನಾನು. ಕಾರ್ಡಿನಲ್ಲಿ ಸರಿ ಎಂದಿದೆ. ನೋಡಿಯೇ ಬರೆದಿರುತ್ತೇನೆ.

ಚೂರು ತೆಗೆದು ಖಾರ್ತೂಮಿಗೆ ಪರೀಕ್ಷೆಗೆ ಕಳಿಸಬೇಕು ಅಂದೆ. ಸರಿ ಅಂದಳು. ಫಾರಂ ಎಳೆದುಕೊಂಡೆ.

"ತುಂಬಾಕ್?"

"ಇಲ್ಲ ಅಂತ ಅವತ್ತೇ ಹೇಳಿದೀನಿ."

"ಈ ಜಾಗದಲ್ಲಿ ಇದು ಸುಮ್ಸುಮ್ನೆ ಬರಲ್ಲ ಸಿತ್ ಬುಸೈನಾ. ಎಷ್ಟು ವರ್ಷದಿಂದ?"

"ಬರ್ಕೋ. ಇಲ್ಲ."

"ಹೌದು ಅಂತ ನಿಮ್ಮ ಬಾಯಲ್ಲಿ ಬರೋವರೆಗೂ ನಾನು ಕತ್ತರಿ ಮುಟ್ಟಲ್ಲ."

ಬಾಗಿಲ ಹತ್ತಿರ ಹತ್ತು ಜನ ನಿಂತಿದ್ದರು. ನನಗೆ ಗೊತ್ತಿತ್ತು. ಬಾಗಿಲು ಹಾಕಿಸಬಹುದಿತ್ತು. ಹಾಕಿಸಲಿಲ್ಲ. ಇವಳು ಆವತ್ತು ಶಾಲೆ ಅಂಗಳದಲ್ಲಿ ಬಾಗಿಲು ಹಾಕಿಸಿದ್ದಳೇ?

ಎದ್ದಳು. ತೋಬ್ ಸರಿಮಾಡಿಕೊಂಡಳು. "ಚಹಾ ಮಾರೋಳ ಮಗಳು ಅಂತ ಈಗ್ಲೂ ಗೊತ್ತಾಗುತ್ತೆ" ಅಂದಳು. ಮೆಲ್ಲಗೆ, ಪಾಠ ಹೇಳುವ ಹಾಗೆ. ಹೋದಳು.

ಹೋಗಲಿ. ಹಾಳಾಗಿ ಹೋಗಲಿ.

ಫೆಬ್ರವರಿ 28, ಗುರುವಾರ

ಇನ್‌ಸಾಫ್ ಮುಖ ಗಂಟು ಹಾಕಿಕೊಂಡಿದ್ದಾಳೆ. ಕೊನೆಗೆ ಬಾಯಿಬಿಟ್ಟಳು.

"ಫಾರಂನಲ್ಲಿ ತುಂಬಾಕ್ ಕಾಲಂ ಖಾಲಿ ಬಿಟ್ರೂ ಲ್ಯಾಬ್‌ನೋರು ತಗೋತಾರೆ ಡಾಕ್ಟ್ರೇ. ಎಷ್ಟು ಸಲ ಖಾಲಿ ಕಳಿಸಿದೀವಿ."

"ನಿನ್ನ ಕೆಲಸ ನೋಡು."

"ಅದೇ ನೋಡ್ತಿದೀನಿ."

ಮುಂದಿನ ಕಾರ್ಡು ಎಳೆದುಕೊಂಡೆ. ನನ್ನದೇನು ತಪ್ಪು? ಬುಸೈನಾಗೆ ನೋವು ಜಾಸ್ತಿಯಾದರೆ ತಾನಾಗಿ ಬರುತ್ತಾಳೆ. ಎಲ್ಲರೂ ಬರುತ್ತಾರೆ.

ಮಾರ್ಚ್ 10, ಭಾನುವಾರ

ಬರಲಿಲ್ಲ.

ಇಲಾಖೆಯಿಂದ ಕಾಗದ ಬಂದಿದೆ. ಬಾಯಿ ರೋಗಕ್ಕೆ ಬೇರೆ ವಿಭಾಗ ಮಾಡುತ್ತಾರಂತೆ, ನನ್ನನ್ನೇ ಮುಖ್ಯಸ್ಥೆ ಎಂದು ಬರೆದಿದ್ದಾರೆ. "ನಿಖರ ತಪಾಸಣೆ, ನಿಖರ ದಾಖಲೆ" ಎಂದು ಹೊಗಳಿಕೆ. ಎರಡು ಸಲ ಓದಿದೆ. ಮೂರನೇ ಸಲ ಓದಲಾಗಲಿಲ್ಲ.

ಅಮ್ಮನ ಬಾಯಿ ನೋಡುವುದು ಒಂದು ವಾರ ತಡ. ಕರೆದರೆ ಬರಲಿಲ್ಲ. "ಇವತ್ತು ಬೇಡ" ಅಂದಳು. ಹಾಗೆ ಅಂದವಳೇ ಅಲ್ಲ.

ಮಾರ್ಚ್ 12, ಮಂಗಳವಾರ

ಒಂದೂ ಬಿಡದೆ ಬರೆಯುತ್ತೇನೆ.

ಮಧ್ಯಾಹ್ನ ಅಮ್ಮ ಆಸ್ಪತ್ರೆಗೇ ಬಂದಳು. ಚಹಾ ಒಲೆ ಬಿಟ್ಟು ಹಗಲಲ್ಲಿ ಎಲ್ಲಿಗೂ ಹೋಗುವವಳಲ್ಲ. ಬಾಗಿಲು ತಾನೇ ಹಾಕಿದಳು. ರೋಗಿಗಳ ಕುರ್ಚಿ ಮೇಲೆ ಕೂತಳು.

"ಬುಸೈನಾ ಈಗ ಗಂಜಿ ಬಿಟ್ರೆ ಏನೂ ನುಂಗ್ತಿಲ್ಲ. ನೀನು ಕತ್ತರಿ ಮುಟ್ಟಲ್ಲ ಅಂದ್ಯಂತೆ."

"ಸುಳ್ಳು ಹೇಳಿದ್ಲು ಅಮ್ಮ. ತುಂಬಾಕ್ ಇಲ್ವಂತೆ."

"ಹೌದು, ಸುಳ್ಳೇ. ನಲವತ್ತು ವರ್ಷದಿಂದ ಹಾಕ್ತಾಳೆ. ನಾನೇ ಕೊಡೋಳು."

ಕೈಗವಸು ಕಳಚಿ ಎದುರಿಗೆ ಕೂತೆ. ಅವಳು ಮುಂದುವರಿಸಿದಳು.

"ಶುಂಠಿ ಪೊಟ್ಟಣದ ಒಳಗೆ ಇನ್ನೊಂದು ಪೊಟ್ಟಣ ಇರ್ತಿತ್ತು. ನೀನು ಶನಿವಾರ ಶನಿವಾರ ಹೊತ್ಕೊಂಡು ಹೋಗ್ತಿದ್ದೆ. ಅವತ್ತು ಮೇಲಿನ ಕಾಗದ ಹರೀತು, ಅಷ್ಟೇ. ಆ ಪೊಟ್ಟಣ ನಂದಲ್ಲ ಕಣೇ. ಅವಳದ್ದು."

"ಮತ್ತೆ ನಂದೇ ಅಂದ್ಯಲ್ಲ!"

"ಇನ್ನೇನು ಅನ್ಲಿ? ಹೆಡ್‌ಮಿಸ್ಟ್ರೆಸ್ದು ಅಂತ ಇನ್‌ಸ್ಪೆಕ್ಟರ್ ಮುಂದೆ ಅನ್ಲಾ? ಅವಳ ಕೆಲಸ ಹೋಗೋದು. ನನ್ನದೇನು ಹೋಗೋದು? ಬೀದೀಲಿ ಕೂತೋಳು, ನಾನು ಹಾಕ್ತೀನಿ ಅಂತ ಊರಿಗೇ ಗೊತ್ತು."

"ನಿನ್ನ ತುಟಿ ಜಗ್ಗಿದ್ಲಮ್ಮ ಅವಳು."

ಆಗ ಅಮ್ಮನ ಮುಖ ಬದಲಾಯಿತು. "ಅದು ಮಾತ್ರ ಜಾಸ್ತಿ ಮಾಡಿದ್ಲು. ಅದನ್ನ ನಾನೂ ಮರ್ತಿಲ್ಲ. ಅವಳನ್ನ ಕಂಡ್ರೆ ಇವತ್ತಿಗೂ ಆಗಲ್ಲ ನಂಗೆ. ಆದ್ರೆ ನಿನ್ನನ್ನ ಸ್ಕೂಲಿಂದ ತೆಗೀರಿ ಅಂತ ಇನ್‌ಸ್ಪೆಕ್ಟರ್ ಬರ್ದು ಕೊಟ್ಟಿದ್ದ. ಆ ಕಾಗದ ಹರಿದು ಹಾಕ್ದೋಳು ಅವಳೇ. ಖಾರ್ತೂಮಿನ ಹಾಸ್ಟೆಲ್‌ಗೆ ನಿನ್ನ ಹೆಸರು ಬರ್ದೋಳೂ ಅವಳೇ. ಅವಳು ನನ್ನ ಹತ್ರ ಬರ್ಲಿಲ್ಲ, ನಾನು ಅವಳ ಹತ್ರ ಹೋಗ್ಲಿಲ್ಲ. ಪೊಟ್ಟಣ ಮಾತ್ರ ಬೇರೆಯವ್ರ ಕೈಲಿ ಹೋಗ್ತಿತ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಒಬ್ಬ ಹೆಂಗಸಿನ ಬಾಯಿ ಒಳಗಿರೋದು ಇನ್ನೊಬ್ಬರಿಗೆ ಹೇಳ್ತಾರೇನೇ? ನೀನು ಹೇಳ್ತೀಯಾ, ಡಾಕ್ಟ್ರು?"

ಕುರ್ಚಿಯಿಂದ ಇಳಿದಳು. ಇಳಿಯುವಾಗ ಒಂದು ಮಾತು ಕೇಳಿದಳು. "ಮೊದ್ಲನೇ ಸಲ ಬಂದಾಗ ನಾಲಿಗೆ ಎತ್ಸಿ ನೋಡ್ದ್ಯಾ?"

ನೋಡಿದೆ ಅಂದೆ.

ಮಾರ್ಚ್ 13, ಬುಧವಾರ

ಅವಳ ಮನೆಗೆ ಹೋದೆ. ಬೇವಿನ ಮರದಡಿ ಹಗ್ಗದ ಮಂಚದ ಮೇಲೆ ಮಲಗಿದ್ದಳು. ನನ್ನನ್ನು ಕಂಡು ಏಳಲೂ ಇಲ್ಲ, ಕೂರು ಅನ್ನಲೂ ಇಲ್ಲ.

"ನಾಳೆ ಬನ್ನಿ. ಬಾಗಿಲು ಹಾಕಿಸ್ತೀನಿ. ಫಾರಂನಲ್ಲಿ ಏನೂ ಬರೆಯಲ್ಲ."

"ನಿನ್ನಮ್ಮ ಕಲ್ತೂಮ್ ಹೇಳಿದ್ಲಾ?"

ತಲೆಯಾಡಿಸಿದೆ.

"ಮೂವತ್ತು ವರ್ಷ ಬಾಯ್ಮುಚ್ಕೊಂಡಿದ್ಲು. ಈಗ ಬಿಟ್ಲು ಅಂದ್ರೆ ನಾನು ಸಾಯ್ತೀನಿ ಅಂತ ಲೆಕ್ಕ."

"ಗೊತ್ತಿಲ್ಲ. ಪರೀಕ್ಷೆ ಆಗ್ಲಿ."

"ಬರಿ. ಹೌದು ಅಂತಾನೇ ಬರಿ. ನಲವತ್ತು ವರ್ಷ. ಹುಣ್ಣು ಕಂಡು ಒಂದು ವರ್ಷ ಆಯ್ತು. ಈಗ ಸಮಾಧಾನ ಆಯ್ತಾ ನಿಂಗೆ?"

ಆಗಲಿಲ್ಲ. ಕ್ಷಮಿಸಿ ಅನ್ನಬೇಕು ಅನ್ನಿಸಿತು, ಆದರೆ ಅವಳ ಮುಖ ನೋಡಿದರೆ ಅಮ್ಮನ ತುಟಿಯೇ ನೆನಪಾಗುತ್ತದೆ. ಎರಡೂ ನಿಜವಾದರೆ ನಾನೇನು ಮಾಡಲಿ? ಅಮ್ಮ ಮುಚ್ಚಿದ್ದೂ ನಿಜ, ಇವಳು ಜಗ್ಗಿದ್ದೂ ನಿಜ.

ಮಾರ್ಚ್ 14, ಗುರುವಾರ

ಚೂರು ತೆಗೆದೆ. ಮರಗಟ್ಟುವ ಸೂಜಿ, ಅಂಚಿನಿಂದ ಒಂದು ಕಡಲೆಯಷ್ಟು, ಎರಡು ಹೊಲಿಗೆ. ಅವಳು ನರಳಲಿಲ್ಲ. ಶೀಶೆ ಮಧ್ಯಾಹ್ನದ ಬಸ್ಸಿನಲ್ಲಿ ಖಾರ್ತೂಮಿಗೆ ಹೋಯಿತು. ಕುತ್ತಿಗೆಯಲ್ಲಿ ಎಡಗಡೆ ಒಂದು ಗಂಟು. ಇದೆಯೋ ಇಲ್ಲವೋ ಎನ್ನುವಷ್ಟು.

ಮಾರ್ಚ್ 24, ಭಾನುವಾರ

ಕ್ಯಾನ್ಸರ್. ಒಂದೇ ಸಾಲು. ಸಹಿ ಮಾತ್ರ ದೊಡ್ಡದು.

ಕಡತವನ್ನೆಲ್ಲ ಸ್ಕ್ಯಾನ್ ಮಾಡಿ ಖಾರ್ತೂಮಿನ ಸರ್ಜನ್ ಮುತಸಿಮ್‌ಗೆ ಕಳಿಸು ಎಂದು ಇನ್‌ಸಾಫ್‌ಗೆ ಹೇಳಿದೆ. ಎಲ್ಲಾನೂ ಅಂದ್ರೆ ಮೊದಲ ಕಾರ್ಡೂನಾ ಅಂತ ಕೇಳಿದಳು. ನನ್ನ ಮುಖವನ್ನೇ ನೋಡುತ್ತಾ ಕೇಳಿದಳು. ಎಲ್ಲಾನೂ ಅಂದೆ.

ಮಾರ್ಚ್ 26, ಮಂಗಳವಾರ, ಬೆಳಿಗ್ಗೆ 11

ಮುತಸಿಮ್ ಫೋನು. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಸೀನಿಯರ್, ಆಗಲೂ ಜೋರು ದನಿ.

"ಅಲವಿಯಾ, ನಿನ್ನ ಕಾರ್ಡಿನ ಪ್ರಕಾರ ಫೆಬ್ರವರಿ ಐದಕ್ಕೆ ಅಲ್ಲಿ ಏನೂ ಇಲ್ಲ. ಈಗ ಮೂರು ಸೆಂಟಿಮೀಟರ್. ಏಳು ವಾರಕ್ಕೆ ಇಷ್ಟು ಓಡಿದ್ರೆ ಕತ್ತಿ ಹಾಕಿ ಏನು ಪ್ರಯೋಜನ? ಇಲ್ಲಿನ ಡಾಕ್ಟರುಗಳ ಬೋರ್ಡಿನಲ್ಲಿ ಇಬ್ಬರು ಆಪರೇಷನ್ ಬೇಡ ಅಂತಿದಾರೆ. ನೋವಿಗೆ ಔಷಧಿ ಕೊಟ್ಟು ಮನೆಗೆ ಕಳಿಸೋಣ ಅಂತಾರೆ."

"ನಿಧಾನಕ್ಕೆ ಬೆಳೆದದ್ದಾದ್ರೆ?"

"ಹಾಗಾದ್ರೆ ಬೇರೆ ಮಾತು. ಅರ್ಧ ನಾಲಿಗೆ ಹೋಗುತ್ತೆ, ಮನುಷ್ಯಳು ಉಳೀತಾಳೆ."

"ಒಂದು ವರ್ಷದಿಂದ ಇದೆ ಅಂತ ಅವಳೇ ಹೇಳಿದಾಳಲ್ಲ."

"ಫೆಬ್ರವರಿಲಿ ತುಂಬಾಕ್ ಇಲ್ಲ ಅಂದೋಳು ಮಾರ್ಚಲ್ಲಿ ನಲವತ್ತು ವರ್ಷ ಅಂತಾಳೆ. ಅವಳ ಮಾತು ನಂಬ್ಲಾ, ನಿನ್ನ ಕಾರ್ಡು ನಂಬ್ಲಾ? ಬೇರೆ ಯಾರಾದ್ರೂ ಬರೆದಿದ್ರೆ ನೋಡದೇ ಬರೆದಿದಾರೆ ಅಂದ್ಕೊಳ್ತಿದ್ದೆ. ನೀನು ಹಾಗಲ್ವಲ್ಲ."

ಸರಿ ಅಂದೆ. ಇಟ್ಟೆ. ಗುರುವಾರ ಬೋರ್ಡು ತೀರ್ಮಾನ ಮಾಡುತ್ತದೆ.

ಅದೇ ದಿನ, ಸಂಜೆ 4

ನೋಡಲಿಲ್ಲ. ಇಲ್ಲಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲಾದರೂ ಬರೆಯುತ್ತೇನೆ. ನಾಲಿಗೆ ಎತ್ತಿಸಲಿಲ್ಲ. ಹೆಂಗಸು ಎಂದರೆ ಮೊದಲು ನಾಲಿಗೆ ಎಂದು ಎಲ್ಲರಿಗೂ ಬೈಯುವ ನಾನು.

ಹೇಳಿದರೆ ವಿಚಾರಣೆ. ವಿಭಾಗ ಹೋಗುತ್ತದೆ. ಲೈಸೆನ್ಸು ಹೋದರೂ ಹೋಯಿತು. ಹೇಳದಿದ್ದರೆ ಅವಳು ಹೋಗುತ್ತಾಳೆ. ವರ್ಷದ ಹುಣ್ಣು, ಎರಡು ನಿಮಿಷ ಜಾಸ್ತಿ ಕೊಟ್ಟಿದ್ದರೆ ಆವತ್ತೇ ಕಾಣುತ್ತಿತ್ತು. ಅರುವತ್ತೆಂಟಾಯಿತು, ಬದುಕಿದ್ದು ಸಾಕಾಗಿರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿತು ಎಂಬುದನ್ನೂ ಬರೆದಿಡುತ್ತೇನೆ.

ಮಾರ್ಚ್ 27, ಬುಧವಾರ, ಮಧ್ಯಾಹ್ನ 1.10

ಬುಸೈನಾ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ. ಎರಡು ಗಂಟೆ ಬಸ್ಸಿಗೆ ಖಾರ್ತೂಮಿಗೆ ಹೊರಟವಳು, ಕಡತ ತಗೊಂಡು ಹೋಗಲು ಬಂದಳು. ಮಾತು ತೊದಲುತ್ತಿದೆ. ಆದರೂ ಹೆಡ್‌ಮಿಸ್ಟ್ರೆಸ್ ದನಿಯೇ.

ಒಳಗೆ ಕರೆದು ಬೋರ್ಡಿನ ವಿಚಾರ ಹೇಳಿದೆ. ಎಲ್ಲ ಹೇಳಿದೆ, ಕಾರ್ಡಿನದೊಂದು ಬಿಟ್ಟು.

"ನೀನು ಅವತ್ತು ನಾಲಿಗೆ ಎತ್ಸಲಿಲ್ಲ" ಅಂದಳು. "ನಂಗೆ ಗೊತ್ತು. ನನ್ನ ಬಾಯಿ ಅಲ್ವಾ? ಎತ್ಸಲಿಲ್ಲವಲ್ಲ, ಬಚಾವಾದೆ ಅಂತ ಖುಷಿಯಾಗಿ ಮನೆಗೆ ಹೋದೆ."

ನನ್ನ ಕೈಯಲ್ಲಿದ್ದ ಬಾಯಿ ಕನ್ನಡಿ ತಟ್ಟೆಗೆ ಬಿತ್ತು.

"ಹೆದರ್ಬೇಡ. ನಾನು ಯಾರಿಗೂ ಹೇಳಲ್ಲ. ನಿನ್ನಮ್ಮ ನನ್ನನ್ನ ಮುಚ್ಚಿದ್ಲು, ನಾನು ನಿನ್ನನ್ನ ಮುಚ್ತೀನಿ. ಅಲ್ಲಿಗೆ ಮುಗೀತು. ನಿಮ್ಮ ಮನೆ ಋಣ ಇಟ್ಕೊಂಡು ಸಾಯೋದು ನಂಗೆ ಬೇಡ."

ಹೊಸ್ತಿಲು ದಾಟುವಾಗ ತಿರುಗಿ, "ಅವತ್ತು ತುಟಿ ಜಗ್ಗಿದ್ದು ಮಾತ್ರ ಸರಿಯಾಗೇ ಜಗ್ಗಿದೆ" ಅಂದಳು. ನಗುತ್ತಿದ್ದಳೋ ಏನೋ, ತೋಬ್ ಅಡ್ಡ ಇತ್ತು.

ಎಂಥ ಹೆಂಗಸು! ಸಾಯುವಾಗಲೂ ಮೇಲುಗೈ ಬೇಕು ಇವಳಿಗೆ. ತನ್ನ ಪ್ರಾಣ ಕೊಟ್ಟು ನನ್ನ ಮಾನ ಮುಚ್ಚುತ್ತಾಳಂತೆ. ನಾನು ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂತು ದಿನಾ ಇವಳ ಹಂಗು ನುಂಗಬೇಕಂತೆ, ತುಂಬಾಕ್ ರಸದ ಹಾಗೆ, ಉಗುಳದೆ. ಬೇಡ. ನನಗೆ ಬೇಡ. ಅವಳ ಮೇಲಿನ ದ್ವೇಷ ಇನ್ನೂ ಹಾಗೇ ಇದೆ, ಅದನ್ನು ಇಟ್ಟುಕೊಳ್ಳಲಿಕ್ಕಾದರೂ ಅವಳು ಬದುಕಬೇಕು.

ಇನ್‌ಸಾಫ್ ಬಾಗಿಲು ಬಡಿದಳು. "ಬಸ್ಸು ಡಾಕ್ಟ್ರೇ." ಐದು ನಿಮಿಷ ಎಂದೆ. ನಿಜ ಹೇಳುವ ಕಾಗದ ಕಡತದ ಮೇಲೆಯೇ ಇರಬೇಕು, ಮುತಸಿಮ್ ಮೊದಲು ಅದನ್ನೇ ಓದಬೇಕು. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ, ಆಮೇಲೆ ಆ ಕಾಗದದಲ್ಲಿ.

ಡಾ. ಮುತಸಿಮ್ ಅವರಿಗೆ. ಫೆಬ್ರವರಿ ಐದರ ಕಾರ್ಡಿನಲ್ಲಿ "ನಾಲಿಗೆ ಅಡಿ: ಸರಿ" ಎಂದು ಬರೆದಿರುವುದು ಸುಳ್ಳು. ಬರೆದವಳು ನಾನು. ಆ ದಿನ ರೋಗಿಯ ಕೆಳದುಟಿಯನ್ನು ಮಾತ್ರ ಎಳೆದು ನೋಡಿದೆ. ನಾಲಿಗೆ ಎತ್ತಿಸಿ ನೋಡಲಿಲ್ಲ. ಏಕೆಂದರೆ